ಚುಕ್ಕಿಗಲ್ಲು ಕಂಡ ಮುಖ

"ಇದು ಸಮುದ್ರ ಅಲ್ಲ ಕಣ್ರೀ, ಇವನ ಅಮ್ಮನ ಒಲೆ ಮಸಿ!"

ಡಾ. ಶ್ರೀಪತಿಯವರು ಈ ಮಾತನ್ನು ಕಿವಿಯಲ್ಲಿ ಹೇಳಿದ್ದರೆ ಬೇರೆ ಮಾತಿತ್ತು. ದಿಲ್ಲಿಯಿಂದ ಬಂದ ಅತಿಥಿಗಳು ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಅವರ ಹಿಂದೆ ಸಂಶೋಧನಾ ಕೇಂದ್ರದ ಹುಡುಗ ಹುಡುಗಿಯರು, ಬಾಗಿಲಲ್ಲಿ ಕಾವಲುಗಾರ ಮರೆಪ್ಪ. ಅಷ್ಟೂ ಜನರ ಎದುರಿಗೆ ಪರದೆಗೆ ಬೆನ್ನು ಹಾಕಿ, ಬೆರಳನ್ನು ಸಾಯಬಣ್ಣನ ಮೂಗಿನ ನೇರಕ್ಕೆ ಚಾಚಿ ಹೇಳಿದರು.

"ಕೋಟ್ಯಂತರ ವರ್ಷದ ಹಿಂದಿನ ಬೆಳಕು ತೋರಿಸ್ತೀನಿ ಅಂತ ಇವರನ್ನ ಅಷ್ಟು ದೂರದಿಂದ ಕರೆಸಿದೀನಿ. ನೀನು ಆರಿಸಿ ತಂದಿರೋ ಕಲ್ಲಿನಲ್ಲಿ ಏನು ಬರ್ತಿದೆ ನೋಡು. ಏಳನೇ ಕ್ಲಾಸು ದಾಟದವನ ಕೈಗೆ ಈ ಕೆಲಸ ಕೊಟ್ಟಿದ್ದು ನನ್ನ ತಪ್ಪು, ಬಿಡು."

ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕರೆ ಉಳಿದವರಿಗೂ ನಗಲು ಧೈರ್ಯ ಬರುತ್ತದೆ, ಬಂತು.

ಸಾಯಬಣ್ಣ ಏಳನೇ ಇಯತ್ತೆಯಲ್ಲಿ ಮಾಸ್ತರರ ಬೆತ್ತ ಕಿತ್ತುಕೊಂಡು, ಮೊಣಕಾಲಿಗೆ ಹಚ್ಚಿ ಎರಡು ತುಂಡು ಮಾಡಿ ಸಾಲೆಯಿಂದ ಹೊರಬಿದ್ದವನು. ಆವತ್ತಿನಿಂದ ಅವನ ಸಿಟ್ಟು ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಇವತ್ತೂ ನಾಲಿಗೆಯ ತುದಿಗೆ ಬಂದದ್ದನ್ನು ಉಗುಳಿಬಿಡುತ್ತಿದ್ದ. ಆದರೆ ಪರದೆಯ ಮೇಲೆ ಕಂಡದ್ದು ಅವನ ಬಾಯಿ ಕಟ್ಟಿತು.

ನೀಲಿ ಹಸಿರು ಬೆಳಕು ಬರಬೇಕಾದ ಕಡೆ ಕೆಂಪಗೆ ಏನೋ ನಡುಗುತ್ತಿತ್ತು. ಆ ಕೆಂಪಿನ ನಡುವೆ ಎರಡು ಕೈ. ಕೈಗಳ ನಡುವೆ ದುಂಡನೆಯದೊಂದು ತಟ್ಟಿದಂತೆಲ್ಲ ಅಗಲವಾಗುತ್ತ, ತಿರುಗುತ್ತ, ಮತ್ತೆ ತಟ್ಟಿಸಿಕೊಳ್ಳುತ್ತ ಇತ್ತು. ಜೋಳದ ರೊಟ್ಟಿ ಬಡಿಯುವುದನ್ನು ನೆಲದೊಳಗೆ ಮಲಗಿ ಮೇಲೆ ನೋಡಿದರೆ ಹೇಗೆ ಕಾಣುತ್ತದೋ, ಹಾಗೆ.

"ಯಪ್ಪಾ..." ಬಾಗಿಲಲ್ಲಿದ್ದ ಮರೆಪ್ಪ ಗೋಡೆ ಹಿಡಿದುಕೊಂಡ. "ನಮ್ಮವ್ವನ ಕೈ ಅದು. ಹೆಬ್ಬಟ್ಟು ನೋಡ್ರಿ, ಸೊಟ್ಟ ಅದ."

ಆಗ ನಗು ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಬಿಳಿ ಕೂದಲಿನ ಹೆಂಗಸೊಬ್ಬರು ಮೊದಲಿನಿಂದಲೂ ನಕ್ಕಿರಲಿಲ್ಲ. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. ಶ್ರೀಪತಿಯವರು ಮಾತ್ರ ಯಂತ್ರ ನಿಲ್ಲಿಸಲು ಹೇಳಿ ಅತಿಥಿಗಳನ್ನು ಊಟಕ್ಕೆ ಕರೆದುಕೊಂಡು ಹೋದರು.

ಹಾಸಗಲ್ ಎಂಬ ಊರು ಈಗ ಇಲ್ಲ. ಅದಿದ್ದ ಜಾಗದಲ್ಲಿ ಹಸಿರು ನೀರು ನಿಂತ ದೊಡ್ಡದೊಂದು ಗುಂಡಿ ಇದೆ, ಗುಂಡಿಯ ದಂಡೆಯ ಮೇಲೆ ಈ ಕೇಂದ್ರ ಇದೆ. ಊರಿದ್ದಾಗ ಅದು ಸುಣ್ಣಗಲ್ಲಿನ ಖಣಿಯ ಊರು. ಅಲ್ಲಿಯ ಕಲ್ಲು ಅದೆಷ್ಟು ನುಣುಪು, ಅದೆಷ್ಟು ಸಣ್ಣ ಕಣದ್ದೆಂದರೆ, ಚಾಣದ ಬಾಯಿ ಹಚ್ಚಿ ಹದ ನೋಡಿ ಒಂದೇಟು ಕೊಟ್ಟರೆ ಉಬ್ಬಿದ ರೊಟ್ಟಿಯ ಮೇಲ್ಪದರು ಬಿಡಿಸಿದಂತೆ ತೆಳ್ಳನೆಯ ಹಾಸುಗಲ್ಲು ಏಳುತ್ತಿತ್ತು. ಬೆಳಗಾದರೆ ಊರಿಗೆ ಕೋಳಿಯ ಕೂಗು ಬೇಕಿರಲಿಲ್ಲ. ಸುತ್ತಿಗೆಯ ಟಣ್ ಟಣ್ ಸಾಕಿತ್ತು. ಸಾಯಬಣ್ಣನ ಅಪ್ಪನ ಸುತ್ತಿಗೆಯ ದನಿಯೇ ಬೇರೆ. ಓಣಿಯ ಹುಡುಗರೆಲ್ಲ ತಮ್ಮ ತಮ್ಮ ಅಪ್ಪಂದಿರ ಸುತ್ತಿಗೆಯನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. ಮಧ್ಯಾಹ್ನ ದನಿ ನಿಂತಿತೆಂದರೆ ಬುತ್ತಿ ಬಿಚ್ಚಿದರು ಅಂತ ಅರ್ಥ.

ಒಮ್ಮೊಮ್ಮೆ ಹಾಸು ಎದ್ದಾಗ ಅದರ ಮೇಲೊಂದು ಚುಕ್ಕಿ ಇರುತ್ತಿತ್ತು. ಅಂಗಿಯ ಗುಂಡಿಯಷ್ಟು ದುಂಡನೆಯ ಮೈ, ಅದರಿಂದ ಹೊರಟ ಐದು ಬಳುಕು ಕೈಗಳು. ಹಾವಿನ ಮರಿಗಳು ಒಂದೆಡೆ ತಲೆ ಕೂಡಿಸಿಕೊಂಡು ಮಲಗಿದಂತೆ ಕಾಣುತ್ತಿತ್ತು. ವ್ಯಾಪಾರಿಗಳಿಗೆ ಅದು ಕಳಂಕ. ಚುಕ್ಕಿ ಬಿದ್ದ ಕಲ್ಲು ಲಾರಿ ಹತ್ತುತ್ತಿರಲಿಲ್ಲ. ಹತ್ತದ ಕಲ್ಲು ಕಡಿದವನ ಮನೆಗೆ. ಹೀಗಾಗಿ ಹಾಸಗಲ್ಲಿನ ಬಡವರ ಮನೆಗಳಲ್ಲೆಲ್ಲ ಅಡುಗೆಮನೆಯಲ್ಲಿ, ಒಲೆಯ ಮುಂದೆ ಒಂದು ಚುಕ್ಕಿಗಲ್ಲು. ಅದನ್ನು ಹಾಸುವುದಕ್ಕೂ ಒಂದು ಪದ್ಧತಿ ಇತ್ತು: ಚುಕ್ಕಿ ಮೇಲ್ಮುಖವಾಗಿಯೇ ಇರಬೇಕು. "ಬೋರಲು ಹಾಕಬ್ಯಾಡ್ರಿ, ಅದು ನೋಡ್ಕೋತ ಇರ್ಬೇಕು," ಎಂದು ಮುದುಕಿಯರು ಹೇಳುತ್ತಿದ್ದರು. ಏನು ನೋಡಬೇಕು, ಯಾಕೆ ನೋಡಬೇಕು ಎಂದು ಯಾರೂ ಕೇಳಲಿಲ್ಲ.

ಆಮೇಲೆ ಸಿಮೆಂಟಿನವರು ಬಂದರು. ಹಾಸು ಬಿಡಿಸುವ ಪುರುಸೊತ್ತು ಅವರಿಗೆಲ್ಲಿ? ಮದ್ದಿಟ್ಟು ಸಿಡಿಸಿ, ಅರೆದು, ಹಿಟ್ಟು ಮಾಡಿ ಚೀಲಕ್ಕೆ ತುಂಬಿದರು. ಗುಂಡಿ ಬೆಳೆದು ಬೆಳೆದು ಊರಿನ ಬುಡಕ್ಕೆ ಬಂತು; ಊರು ಎದ್ದು ಕಾಲೊನಿಗೆ ಹೋಯಿತು. ಅದೆಲ್ಲ ಮುಗಿದ ಮೇಲೆ ವಿಜ್ಞಾನಿಗಳು ಬಂದು ಹೇಳಿದರು: ನಿಮ್ಮ ಚುಕ್ಕಿ ಸಾಮಾನ್ಯದ್ದಲ್ಲ. ಅದು ಬ್ರಿಟಲ್ ಸ್ಟಾರ್ ಎಂಬ ಜೀವಿ, ನಕ್ಷತ್ರಮೀನಿನ ದಾಯಾದಿ. ಇಲ್ಲಿ ಸಮುದ್ರವಿದ್ದಾಗ ತಳದ ಕೆಸರಿನಲ್ಲಿ ಹರಿದಾಡಿಕೊಂಡಿತ್ತು. ಅದಕ್ಕೆ ಬೇರೆಯಾಗಿ ಕಣ್ಣಿಲ್ಲ. ಕೈಗಳ ಮೇಲೆಲ್ಲ ಗಾಜಿನ ಮಣಿಯಂಥ ಸಣ್ಣ ಸಣ್ಣ ಸುಣ್ಣದ ಹರಳುಗಳು, ಒಂದೊಂದೂ ಒಂದೊಂದು ಮಸೂರ. ಮೈಯೆಲ್ಲ ಕಣ್ಣು!

ಹರಳಿನ ಮೂಲಕ ಬಿದ್ದ ಬೆಳಕು ಅದರಡಿಯ ಕಣಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನುಣುಪು ಕೆಸರು ಒಮ್ಮೆಲೇ ಮುಚ್ಚಿಬಿಟ್ಟರೆ ಅಲ್ಲೇ ಉಳಿದುಬಿಡುತ್ತದೆ. ಕೇಂದ್ರದ ಯಂತ್ರಕ್ಕೆ 'ಓದುಗ' ಎಂದು ಹೆಸರು. ಅದು ಕಲ್ಲಿಗೆ ಕಣ್ಣಿಗೆ ಕಾಣದ ಕಿರಣ ಹಾಯಿಸಿ, ಸಿಕ್ಕಿಕೊಂಡ ಬೆಳಕನ್ನು ಬಿಡಿಸಿ, ಯಾವ ಹರಳಿನಡಿಯಿಂದ ಎಷ್ಟು ಬಂತೆಂದು ಕೂಡಿಸಿ ಪರದೆಯ ಮೇಲೆ ಚಿತ್ರ ಕಟ್ಟುತ್ತದೆ. ತೊಡಕು ಒಂದೇ. ಬಿಡಿಸಿದ ಬೆಳಕು ಮತ್ತೆ ಒಳಗೆ ಹೋಗುವುದಿಲ್ಲ. ಒಂದು ಕಲ್ಲು, ಒಂದೇ ಓದು.

ಖಣಿಯಲ್ಲಿದ್ದ ಚುಕ್ಕಿಗಳೆಲ್ಲ ಸಿಮೆಂಟಾಗಿದ್ದವು. ಉಳಿದವು ಗುಂಡಿಯ ದಂಡೆಯಲ್ಲಿ ಬಿದ್ದ ಮನೆಗಳ ಮಣ್ಣಡಿಯ ನೆಲದಲ್ಲಿದ್ದವು, ಕೆಲವರು ಕಿತ್ತು ಕಾಲೊನಿಗೆ ಒಯ್ದವು ಮಾತ್ರ. ಅವನ್ನು ಹುಡುಕಿ ತರುವ ಕೆಲಸ ಸಾಯಬಣ್ಣನಿಗೆ ಸಿಕ್ಕಿತ್ತು. ಕೆಲಸ ಕೇಳಲು ಬಂದ ದಿನ ಅವನು ಬರಿಗೈಯಲ್ಲಿ ಬಂದಿರಲಿಲ್ಲ. ತಮ್ಮ ಹಳೇ ಮನೆಯ ಚುಕ್ಕಿಗಲ್ಲನ್ನೇ ಎಬ್ಬಿಸಿ, ಗೋಣಿಯಲ್ಲಿ ಸುತ್ತಿ ಹೊತ್ತು ತಂದಿದ್ದ. ಐದೂ ಕೈ ಎಲ್ಲೂ ತುಂಡಾಗದ, ಅಂಗೈಯಗಲದ ಚುಕ್ಕಿ, ಊರಿಗೇ ದೊಡ್ಡದು. ಶ್ರೀಪತಿಯವರು ಅದನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕೋಣೆಯಲ್ಲಿ ಕಾಪಾಡಿಟ್ಟಿದ್ದರು.

ಪರದೆಯ ಮೇಲೆ ಮರೆಪ್ಪನ ಅವ್ವನ ಕೈ ಕಂಡ ಗಳಿಗೆಯಲ್ಲಿ ಸಾಯಬಣ್ಣನಿಗೆ ಹೊಳೆದದ್ದು ಆ ಪೆಟ್ಟಿಗೆ.

"ಆಪಾ, ಹಂಗಾದ್ರ ನಮ್ಮ ಕಲ್ಲಿನ್ಯಾಗ ನಮ್ಮವ್ವ ಅದಾಳ?"

ಓದುಗವನ್ನು ನಡೆಸುವ ತಸ್ನೀಮ್ ಕಲಬುರಗಿಯ ಹುಡುಗಿ, ಅವನಿಗೆ 'ಆಪಾ', ಅಂದರೆ ಅಕ್ಕ. ಕೇಂದ್ರದಲ್ಲಿ ಅವನನ್ನು ಹೆಸರು ಹಿಡಿದು, ಮುಖ ನೋಡಿ ಮಾತಾಡಿಸುವವಳು ಅವಳೊಬ್ಬಳೇ. ಕಲ್ಲಿನ ಕೋಣೆಯ ಮಬ್ಬು ಕೆಂಪು ದೀಪದಲ್ಲಿ ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು.

"ಬಿಸಿಲು ಬಿದ್ರ ಹರಳು ಮ್ಯಾಲಿಂದೆಲ್ಲಾ ಮರೀತದ, ಸಾಯಬಣ್ಣ. ಮಂದ ಬೆಳಕಿದ್ರ ಕಲ್ಲಾದ ಮ್ಯಾಲೂ ಬರ್ಕೋತದ. ನಿಮ್ಮ ಅಡಗಿಮನಿಗಿ ಕಿಟಕಿ ಇತ್ತೇನು?"

"ಎಲ್ಲೀ ಕಿಟಕಿ ರೀ! ಬಾಗಿಲ ಮುಂದ ಮಾಡಿದ್ರ ಹಾಡಹಗಲೇ ಒಲಿ ಬೆಳಕಿನ್ಯಾಗ ಉಪ್ಪು ಹುಡುಕಬೇಕಿತ್ತು."

"ಹಂಗಿದ್ರ ಅದಾಳ."

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವ್ವ ಚಂದಮ್ಮ ಹೋದಾಗ ಅವನಿನ್ನೂ ಅವಳ ಸೆರಗು ಹಿಡಿದು ತಿರುಗುವ ಕೂಸು. ಅವಳದೊಂದು ಫೋಟೋ ಇದೆ, ಮದುವೆಯದು. ತಲೆ ತಗ್ಗಿಸಿ ಕೂತಿದ್ದರಿಂದ ಬಾಸಿಂಗವಷ್ಟೇ ಕಾಣುತ್ತದೆ. ಅಪ್ಪನ ಫೋನಿನಲ್ಲಿ ಒಂದೆರಡಿದ್ದವಂತೆ. ಫೋನು ಖಣಿಯ ನೀರಿಗೆ ಬಿತ್ತು. ಅವ್ವನ ವಾಸನೆ ನೆನಪಿದೆ, ಬಳೆಯ ಸದ್ದು ನೆನಪಿದೆ, ಮುಖ ಮಾತ್ರ ಇಲ್ಲ. ಕನಸಿನಲ್ಲೂ ಅವಳು ಬೆನ್ನು ಮಾಡಿಯೇ ನಿಂತಿರುತ್ತಿದ್ದಳು.

"ಓದ್ರಿ ಆಪಾ. ಒಂದ್ಸಲ ಮುಖ ತೋರಿಸ್ರಿ, ಸಾಕು."

ತಸ್ನೀಮ್ ಪೆಟ್ಟಿಗೆಯಿಂದ ಕೈ ತೆಗೆದಳು. "ಆ ಕಲ್ಲಿನ್ಯಾಗ ಎರಡು ಅದಾವ. ಮ್ಯಾಲ ನಿಮ್ಮ ಮನಿ, ಆಳದಾಗ ಸಮುದ್ರ. ಸಮುದ್ರ ಬೇಕಂದ್ರ ಮ್ಯಾಲಿನದು ಒಂದೇ ಏಟಿಗಿ ಸುಟ್ಟು ತೆಗೀಬೇಕು. ನಿಮ್ಮವ್ವ ಬೇಕಂದ್ರ ಸಾವಕಾಶ ಓದಬೇಕು, ಅಷ್ಟೊತ್ತಿಗಿ ತಳದ್ದೆಲ್ಲಾ ಸೋರಿ ಹೋಗ್ತದ. ಎರಡೂ ಸಿಗಂಗಿಲ್ಲ."

"ಸಾಹೇಬರು ಯಾವುದು ಅಂತಾರ?"

"ಸಮುದ್ರ. ನಾನೂ ಅದೇ ಅಂತಿದ್ದೆ." ಅವಳ ದನಿ ತಗ್ಗಿತು. "ಉಳಿದ ಕಲ್ಲಿನ್ಯಾಗ ಚೂರು ಪಾರು ಸಿಗ್ತದ, ಒಂದು ನೆರಳು, ಒಂದು ಮಿಂಚು. ಇದರಾಗ ಇಡೀ ಒಂದು ಹಗಲು ಇರ್ಬಹುದು. ಮನಷ್ಯಾ ಅಂಬವ ಹುಟ್ಟೋಕಿನ ಮೊದಲಿಂದು ಒಂದು ಹಗಲು, ಸಾಯಬಣ್ಣ. ನೀರಿನ ಮ್ಯಾಲ ಸೂರ್ಯ ಹೆಂಗ ಹೊಂಟ, ಮ್ಯಾಲ ಏನೇನು ಈಸಿ ಹೋಯ್ತು... ಇದಾದ ಮ್ಯಾಲ ಇಂಥಾದ್ದು ಇನ್ನೊಂದಿಲ್ಲ."

ಅವನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಕಾಲೊನಿಯ ಮನೆಗಳಿಗೆ ಟೈಲ್ಸಿನ ನೆಲ. ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಕಚ್ಚುತ್ತದೆ. ಅಕ್ಕ ಜಗದೇವಿ ಮೊರದಲ್ಲಿ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಅವ್ವ ಹೆಂಗಿದ್ಳು ಅಂತ ನನಗ ಕೇಳಬೇಕಿಲ್ಲೋ. ಕಲ್ಲಿಗಿ ಯಾಕ ಕೇಳ್ತಿ?"

"ಕೇಳೀನಿ. ದುಂಡ ಮುಖ ಅಂತಿ, ಒಮ್ಮೆ ಉದ್ದ ಮುಖ ಅಂತಿ. ಬೆಳ್ಳಗಿದ್ಳು ಅಂತಿ, ಮತ್ತ ನಿನ್ನಂಗೇ ಕರಿ ಅಂತಿ."

ಜಗದೇವಿಯ ಕೈ ಮೊರದ ಮೇಲೇ ನಿಂತಿತು. "ಹಂಗಂದೀನಾ?" ಆಮೇಲೆ ನಕ್ಕಳು, ನಗು ಪೂರ್ತಿಯಾಗಲಿಲ್ಲ. "ನನಗೂ ಮರ್ತದ ತಮ್ಮಾ. ಮರ್ತದಂತ ಹೇಳಾಕ ನಾಚಿಕಿ. ನಿನಗ ಹೇಳಬೇಕಂತ ದಿನಾ ಒಂದು ಮುಖ ಮಾಡ್ತಿದ್ದೆ."

ಹೊರಗೆ ಯಾರದೋ ಮಿಕ್ಸರ್ ಗುರ್ರೆಂದು ತಿರುಗಿ ನಿಂತಿತು.

"ಆದ್ರ ಒಂದು ಮಾತು," ಅಂದಳು ಜಗದೇವಿ. "ಅವ್ವ ಮಾವನ ಮುಂದ ಹಾಯಬೇಕಂದ್ರೂ ಸೆರಗು ಎಳ್ಕೊಂಡು ಹಾಯ್ತಿದ್ಳು. ಆಕಿನ್ನ ಕಂಡ ಕಂಡವರಿಗಿ ತೋರಿಸಬ್ಯಾಡ. ನೋಡೂದಿದ್ರ ನೀ ಒಬ್ಬವ ನೋಡು. ಬಂದು ನನಗ ಹೇಳು, ದುಂಡ ಮುಖೋ ಉದ್ದ ಮುಖೋ ಅಂತ."

ಮರೆಪ್ಪನ ಅವ್ವನ ಕೈಗಳ ಚಿತ್ರವನ್ನು ಯಾರು ಹೊರಗೆ ಬಿಟ್ಟರೋ, ಗೊತ್ತಿಲ್ಲ. ಕೇಂದ್ರದ ಹುಡುಗನೊಬ್ಬ ನಗೆಯಾಡಲೆಂದು ಫೋನಿನಲ್ಲಿ ಹಂಚಿದನಂತೆ. ಜನ ನಗಲಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಜನ ಆ ಕೈಗಳನ್ನು ನೋಡಿದರು, ನೋಡಿ ತಮ್ಮ ತಮ್ಮ ನೆಲ ನೋಡಿಕೊಂಡರು. ಕೇಂದ್ರದ ಗೇಟಿಗೆ ಟೆಂಪೋಗಳು ಬಂದು ನಿಂತವು. ಮೊಸಾಯಿಕ್ ತುಂಡು, ಕಡಪಾ ಕಲ್ಲು, ಒರಳು, ಬಚ್ಚಲ ಹಾಸು. "ಇದ್ರಲ್ಲಿ ನಮ್ಮಜ್ಜಿ ಇದಾರಾ ನೋಡಿ ಸಾರ್" ಎಂದು ಒಬ್ಬ ಗ್ರಾನೈಟಿನ ಕಟ್ಟೆಯನ್ನೇ ಕಿತ್ತು ತಂದಿದ್ದ. ಹರಳಿಲ್ಲದ ಕಲ್ಲಿಗೆ ಕಣ್ಣಿಲ್ಲ ಎಂದು ತಿಳಿಸಿ ಹೇಳುವುದರಲ್ಲಿ ಮರೆಪ್ಪನ ಗಂಟಲು ಒಣಗಿತು. ಹಳೇ ಹಾಸಗಲ್ಲಿನ ಕಲ್ಲು ಇರುವ ಮನೆಗಳಲ್ಲಿ ಬೇರೆಯೇ ತೊಂದರೆ. ಕೆಲವರು ಚುಕ್ಕಿಯನ್ನು ಉಜ್ಜಿ ಉಜ್ಜಿ ತೊಳೆದರು. ಕೆಲವು ಹೆಣ್ಣುಮಕ್ಕಳು ಅದರ ಮೇಲೆ ಗೋಣಿತಾಟು ಹೊದಿಸಿಟ್ಟರು. ಒಲೆಯ ಮುಂದೆ ತಾವು ಪಟ್ಟದ್ದನ್ನು ಇನ್ನೊಬ್ಬರು ನೋಡುವುದು ಅವರಿಗೆ ಬೇಕಿರಲಿಲ್ಲ. ನೆಲದ ಕಣ್ಣಿಗೆ ಬಗ್ಗಿದವರ ಮುಖವಷ್ಟೇ ಕಾಣುತ್ತದೆ. ಓದಿದ ಕಲ್ಲುಗಳಲ್ಲೆಲ್ಲ ಗಂಡಸರೆಂದರೆ ಬರೀ ಅಂಗಾಲು.

ಆ ಬಿಳಿ ಕೂದಲಿನ ಅತಿಥಿ ದಿಲ್ಲಿಯಲ್ಲಿ ಏನು ಹೇಳಿದರೋ, ಶ್ರೀಪತಿಯವರು ಸಾಯಬಣ್ಣನನ್ನು ತಮ್ಮ ಕೋಣೆಗೆ ಕರೆಸಿದರು.

"ಕೂತ್ಕೊಳ್ಳಪ್ಪ ಸಾಯಬಣ್ಣ. ಚಹಾ ಕುಡೀತೀಯಾ?"

ಅವನು ನಿಂತೇ ಇದ್ದ. ಹೋಗಲಿ ಎಂದು ಅವರೇ ಮುಂದುವರಿಸಿದರು. ನಿನ್ನ ಮನೆಯ ಕಲ್ಲನ್ನು ಸಾವಕಾಶವಾಗಿ ಓದೋಣ ಅಂತ ತೀರ್ಮಾನ ಆಗಿದೆ. ಜನಕ್ಕೆ ಈಗ ಬೇಕಾಗಿರೋದು ಇದೇ. ಅವತ್ತು ನಾನು ಏನೋ ಅಂದೆ, ಮನಸ್ಸಿಗೆ ಹಚ್ಕೋಬೇಡ.

"ಸಮುದ್ರ ರೀ?"

"ಸಮುದ್ರ ಎಲ್ಲಿಗೆ ಹೋಗುತ್ತೆ? ಇನ್ನೊಂದು ಕಲ್ಲು ಸಿಗುತ್ತೆ ಬಿಡು."

ಮೂಲೆಯಲ್ಲಿ ಕೂತಿದ್ದ ತಸ್ನೀಮ್ ತಲೆ ಎತ್ತಲಿಲ್ಲ. ಮೊನ್ನೆ ಒಲೆಮಸಿಯಾಗಿದ್ದದ್ದು ಇವತ್ತು ಚಿನ್ನವಾಗಿದೆ, ಮೊನ್ನೆ ಚಿನ್ನವಾಗಿದ್ದ ಸಮುದ್ರ ಇವತ್ತು ಯಾರಿಗೂ ಬೇಡ. ಈ ಮನುಷ್ಯನಿಗೆ ಎರಡೂ ಕಂಡೇ ಇಲ್ಲ. ಸಾಯಬಣ್ಣನಿಗೆ ಮೇಜಿನ ಮೇಲಿನ ಗಾಜಿನ ಲೋಟ ತೆಗೆದು ಗೋಡೆಗೆ ಬೀಸಬೇಕೆನ್ನಿಸಿತು. ಆದರೆ ಅವ್ವನ ಮುಖ ಆ ಲೋಟದ ಆಚೆ ಇತ್ತು.

"ನೋಡೋರು ಯಾರು?"

"ಮೊದಲು ನೀನು, ನಿಮ್ಮಕ್ಕ. ಇಬ್ಬರೇ. ಮಾತು ಕೊಡ್ತೀನಿ. ಆಮೇಲಿನದು ಆಮೇಲೆ."

"ಆಗ್ಲಿ," ಎಂದ ಸಾಯಬಣ್ಣ.

ಹೊರಗೆ ಬಂದು ತಸ್ನೀಮಳ ದಾರಿ ಕಾದು ನಿಂತ. ಅವಳು ಬಂದಳು. "ಆಪಾ, ತಪ್ಪು ತಿಳ್ಕೋಬ್ಯಾಡ್ರಿ," ಎಂದ.

"ಏನ್ ತಪ್ಪು? ನನಗ ಅಮ್ಮೀ ಮನ್ಯಾಗ ಅದಾಳ. ದಿನಾ ನೋಡ್ತೀನಿ, ದಿನಾ ಜಗಳಾಡ್ತೀನಿ." ಅವಳು ಗುಂಡಿಯ ಹಸಿರು ನೀರಿನ ಕಡೆಗೆ ನೋಡಿದಳು. "ನಿನ್ನ ಜಾಗಾದಾಗ ಇದ್ರ ನಾನೂ ಆಗ್ಲಿ ಅಂತಿದ್ದೆ."

ಓದಿನ ದಿನ ಜಗದೇವಿ ಬರಲಿಲ್ಲ. ಹೊಸ್ತಿಲವರೆಗೆ ಬಂದು ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು ಒಳಗೆ ಹೋದಳು. "ನೀ ಹೋಗಿ ಬಾ. ನನ್ನ ಕೈಲಿ ಆಗಂಗಿಲ್ಲ."

ಸಾಯಬಣ್ಣ ಒಗೆದ ಅಂಗಿ ಹಾಕಿಕೊಂಡು ಹೋದ. ಕೇಂದ್ರದ ಅಂಗಳದಲ್ಲಿ ಕಾರುಗಳು ತುಂಬಿದ್ದವು. ಯಾರೋ ದೊಡ್ಡವರು ಬಂದಿರಬೇಕು ಅಂದುಕೊಂಡ. ಸಭಾಂಗಣದ ಬಾಗಿಲು ತೆರೆದರೆ, ಒಳಗೆ ಹೆಜ್ಜೆಯಿಡಲು ಜಾಗವಿರಲಿಲ್ಲ. ಕುರ್ಚಿ ತುಂಬಿ, ಗೋಡೆಯುದ್ದಕ್ಕೂ ನಿಂತು, ಕ್ಯಾಮೆರಾ ಹಿಡಿದು ಜನ ಕಾಯುತ್ತಿದ್ದರು. ಬಾಗಿಲು ಕಾಯುತ್ತಿದ್ದ ಮರೆಪ್ಪ ಅವನ ಕಣ್ಣು ತಪ್ಪಿಸಿದ. ವೇದಿಕೆಯ ಮೇಲಿನ ಗಾಜಿನ ಕಪಾಟಿನೊಳಗೆ, ಕಪ್ಪು ಬಟ್ಟೆಯ ನೆರಳಲ್ಲಿ ಅವರ ಮನೆಯ ಕಲ್ಲು. ಓದುಗ ಆಗಲೇ ಶುರುವಾಗಿತ್ತು. ಒಮ್ಮೆ ಶುರುವಾದರೆ ನಿಲ್ಲಿಸುವುದು ಅಂದರೆ ಅರ್ಧ ಚೆಲ್ಲುವುದು.

"ಬಾ ಬಾ, ನಿನ್ನ ಜಾಗ ಇಲ್ಲೇ ಇದೆ," ಎಂದು ಶ್ರೀಪತಿಯವರು ಅವನ ತೋಳು ಹಿಡಿದು ಮುಂದಿನ ಸಾಲಿಗೆ ಎಳೆದುಕೊಂಡು ಹೋದರು.

ಮಾತು ಕೊಟ್ಟಿದ್ರಿ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಪರದೆಯ ಮೇಲೆ ಬೆಳಕು ಆಡಿತು.

ಮೊದಲು ಕೆಂಪು. ಒಲೆ ಉರಿಯುತ್ತಿತ್ತು. ಅಂಗಾಲೊಂದು ದಾಟಿ ಹೋಯಿತು, ಒಡೆದ ಹಿಮ್ಮಡಿ, ಅಪ್ಪನದು. ಸಣ್ಣ ಪಾದಗಳು ಓಡಿ ಹೋದವು. ಸೀರೆಯ ಅಂಚು ಬಂತು, ಹೋಯಿತು, ಬಂತು. ಕಾಲು, ಅಂಚು, ಹೊಗೆ; ಆ ಅಂಚು ಎಷ್ಟು ಸಲ ಹಾದು ಹೋದರೂ ಮೇಲಿನದೆಲ್ಲ ಕತ್ತಲೆ. ಸಭೆಯಲ್ಲಿ ಯಾರೋ ಕೆಮ್ಮಿದರು. ಪಕ್ಕದ ಮೇಜಿನಲ್ಲಿ ತಸ್ನೀಮ್ ಪರದೆಯನ್ನು ನೋಡುತ್ತಿರಲಿಲ್ಲ. ಅವಳ ಮುಂದಿನ ಸಣ್ಣ ಫಲಕದಲ್ಲಿ ನೀಲಿ ಗೆರೆಯೊಂದು ಇಳಿಯುತ್ತಿತ್ತು. ಯಾರೂ ನೋಡದ ಸಮುದ್ರದ ಒಂದು ಹಗಲು, ಯಾರೂ ನೋಡದಂತೆಯೇ ಸೋರಿ ಹೋಗುತ್ತಿತ್ತು.

ಆಮೇಲೆ ಕಾಲುಗಳೆಲ್ಲ ನಿಂತವು. ಮನೆ ಖಾಲಿಯಾಗಿರಬೇಕು. ಗಂಡಸರು ಖಣಿಗೆ, ಮಕ್ಕಳು ಓಣಿಗೆ. ಒಲೆಯಲ್ಲಿ ಕೆಂಡವಷ್ಟೇ ಉಳಿದಿತ್ತು. ಸೀರೆಯ ಅಂಚು ಒಂದು ಸಲ ತಡೆದು ನಿಂತಿತು. ಮೊಣಕಾಲು ಬಂತು, ಅಂಗೈ ಬಂತು, ಆಮೇಲೆ ಮೆಲ್ಲಗೆ ಒಂದು ಮುಖ ಇಳಿದು ಬಂದು ಕಲ್ಲಿನ ಪಕ್ಕದಲ್ಲೇ, ಗೇಣು ದೂರದಲ್ಲಿ ನೆಲಕ್ಕೊರಗಿತು.

ಚಂದಮ್ಮ ಮಲಗಿದ್ದಳು. ಅವ್ವ ಹಗಲು ಹೊತ್ತಿನಲ್ಲಿ ಮಲಗುತ್ತಿದ್ದಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗದಂತೆ ಕದ್ದು ಇಟ್ಟುಕೊಂಡಿದ್ದ ಗಳಿಗೆ ಅದು. ತಂಪು ಕಲ್ಲಿನ ಕಡೆ ಮುಖ ಮಾಡಿ, ಸೆರಗು ಜಾರಿದ್ದನ್ನು ಸರಿಪಡಿಸಿಕೊಳ್ಳದೆ, ಬೆರಳಿನಿಂದ ಚುಕ್ಕಿಯ ಒಂದೊಂದೇ ಕೈಯನ್ನು ಸವರುತ್ತಿದ್ದಳು. ಬೆರಳು ಬಂದಾಗ ಕತ್ತಲೆ, ಸರಿದಾಗ ಮುಖ. ಎಷ್ಟು ಸಣ್ಣವಳು! ಸಾಯಬಣ್ಣನಿಗಿಂತ ಸಣ್ಣವಳು. ದುಂಡನೆಯ ಮುಖ, ದಣಿದು ಗಲ್ಲ ಇಳಿದದ್ದರಿಂದ ಉದ್ದ ಕಾಣುತ್ತಿತ್ತು. ತೆರೆದ ಕಣ್ಣು ನೇರವಾಗಿ ಅವನನ್ನೇ ನೋಡುತ್ತಿತ್ತು. ತುಟಿ ಅಲುಗುತ್ತಿತ್ತು. ಹಾಡೋ, ಬೈಗುಳವೋ, ಯಾರ ಹತ್ತಿರವೂ ಆಡಲಾಗದೆ ಕಲ್ಲಿನ ಹತ್ತಿರ ಆಡಿದ ಮಾತೋ. ಚುಕ್ಕಿಗೆ ಕಿವಿ ಇರಲಿಲ್ಲ.

ಸಾಯಬಣ್ಣನ ಕಣ್ಣು ತುಂಬಿ ಪರದೆ ಕಲಸಿಹೋಯಿತು. ಒರೆಸಿಕೊಂಡು ಮತ್ತೆ ನೋಡಿದ. ಆಗಲೇ ಅವನಿಗೆ ಹಿಂದಿನ ಸಾಲುಗಳ ಉಸಿರು ಕೇಳಿಸಿದ್ದು. ನೂರಾರು ಜನ. ಅವಳು ಬಾಗಿಲು ಮುಚ್ಚಿಕೊಂಡು ಮಲಗಿದ್ದ ಕೋಣೆಯೊಳಗೆ ನೂರಾರು ಜನ ನಿಂತು ನೋಡುತ್ತಿದ್ದರು. ಒಬ್ಬ ಕ್ಯಾಮೆರಾದವನು ಇನ್ನೂ ಹತ್ತಿರದಿಂದ ಹಿಡಿಯಲು ಮಂಡಿಯೂರಿದ್ದ.

ಶ್ರೀಪತಿಯವರು ಮೈಕು ಹಿಡಿದು ಎದ್ದರು. ಅವರ ದನಿ ಬೆಣ್ಣೆಯಂತಿತ್ತು. "ಈ ಕಲ್ಲನ್ನ ನಮಗೆ ತಂದುಕೊಟ್ಟ ಹುಡುಗ ಇಲ್ಲೇ ಇದಾನೆ. ನಮ್ಮ ಸಾಯಬಣ್ಣ. ಹೇಳಪ್ಪ, ಎಲ್ಲರಿಗೂ ಕೇಳೋ ಹಾಗೆ ಹೇಳು. ಇವರು ಯಾರು?"

ಮೈಕು 'ಕುಂಯ್' ಎಂದು ಅವನ ಬಾಯಿಯ ಮುಂದೆ ಬಂದು ನಿಂತಿತು. ಸಭೆ ಕಾಯಿತು. ಕ್ಯಾಮೆರಾಗಳು ಪರದೆಯಿಂದ ಅವನ ಕಡೆ ತಿರುಗಿದವು.

ಸಾಯಬಣ್ಣ ಎದ್ದ. ಪರದೆಯ ಮೇಲಿನ ಮುಖವನ್ನು ಇನ್ನೊಂದು ಸಲ, ಬೇಕಾದಷ್ಟು ಹೊತ್ತು ನೋಡಿದ. ಮೈಕಿನ ಪಕ್ಕದಿಂದ ಸರಿದ.

"ಸಾಯಬಣ್ಣ? ಏನಪ್ಪ, ಇವರು ಯಾರು ಅಂತ ಹೇಳೋದಿಲ್ವಾ?"

ಸಾಲು ಕುರ್ಚಿಗಳ ನಡುವೆ ಜನ ಕಾಲು ಮಡಚಿ ದಾರಿ ಬಿಟ್ಟರು. ಅವನು ಯಾರ ಮುಖವನ್ನೂ ನೋಡದೆ ನಡೆದು, ಬಾಗಿಲು ದಾಟಿ, ಅಕ್ಕ ಕಾಯುತ್ತಿದ್ದ ಕಾಲೊನಿಯ ದಾರಿ ಹಿಡಿದ.